ಕೂಗದ ಪೆಟ್ಟಿಗೆ

ನಮ್ಮನೆಯವರಿಗೆ,

ಮನಸ್ಸಿನಲ್ಲೇ ನಿಮ್ಮ ಜೊತೆ ಮಾತಾಡುವುದನ್ನು ನಾನಿನ್ನೂ ಬಿಟ್ಟಿಲ್ಲ. ಸೊಪ್ಪು ಕಟ್ಟುವಾಗ, ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಏನಾದರೂ ಹೇಳುತ್ತಲೇ ಇರುತ್ತೇನೆ. ಈ ಸಲದ ವಿಷಯವನ್ನು ಮಾತ್ರ ಹಾಗೆ ಹೇಳಿ ಮುಗಿಸಲು ಆಗಲಿಲ್ಲ. ಅರ್ಧಕ್ಕೇ ನಿಂತುಬಿಡುತ್ತಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ಮೇಲಿನ ಬೀದಿಯ ಶಿವಣ್ಣನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಸುಟ್ಟುಹೋಯಿತು. ಅವನ ಹೆಂಡತಿ ಜಯಮ್ಮನ ಎರಡು ಕೈಯೂ ಬೆಂದವು. ನೀವು ಮಾಡಿಕೊಟ್ಟ ಪೆಟ್ಟಿಗೆ ಕೂಗಲಿಲ್ಲ.

ನೀವು ಮೊದಲ ಪೆಟ್ಟಿಗೆ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬ್ಯಾರನ್ನಿಗೆ ಬೆಂಕಿ ಹಾಕಿದರೆ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಆ ಎತ್ತರದ ಕೋಣೆಯಲ್ಲಿ ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ತುಂಬುತ್ತಾ ದಿನಗಟ್ಟಲೆ ಕಾಯಬೇಕು. ಶಾಖ ಕಮ್ಮಿಯಾದರೆ ಎಲೆ ಕಪ್ಪಾಗುತ್ತದೆ. ಹೆಚ್ಚಾದರೆ ಒಣಗಿದ ಒಂದೇ ಒಂದು ಎಲೆ ಕೆಳಗೆ ಒಲೆಯ ಶಾಖ ಹಾಯುವ ತಗಡಿನ ಕೊಳವೆಯ ಮೇಲೆ ಬಿದ್ದರೂ ಸಾಕು, ಇಡೀ ಬ್ಯಾರನ್ನು ಉರಿದುಹೋಗುತ್ತದೆ. ನೀವು ಎಸ್ಸೆಸ್ಸೆಲ್ಸಿ ಓದಿದವರು, ಕಂಪ್ಯೂಟರನ್ನು ಶಾಲೆಯಲ್ಲಿ ಕಂಡವರಲ್ಲ. ಆದರೂ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಯಾರೋ ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ಬರೆದಿದ್ದ ಪ್ರೋಗ್ರಾಮನ್ನು ಇಳಿಸಿಕೊಂಡಿರಿ. ಹಾಸನದಿಂದ ಒಂದು ಸಣ್ಣ ಬೋರ್ಡು, ಶಾಖ ಅಳೆಯುವ ವೈರು, ಒಂದು ಸೈರನ್ ತಂದಿರಿ. ಇಂಗ್ಲಿಷ್ ಪದಗಳನ್ನು ನಾನು ಓದಿ ಹೇಳುತ್ತಿದ್ದೆ, ನೀವು ನಂಬರು ಬದಲಾಯಿಸುತ್ತಿದ್ದಿರಿ. ಆ ವೈರು ಅಳೆಯುತ್ತಿದ್ದದ್ದು ಸೆಲ್ಸಿಯಸ್ಸಿನಲ್ಲಿ. ನಮ್ಮ ಬ್ಯಾರನ್ ಬಾಗಿಲ ಥರ್ಮಾಮೀಟರು, ಊರವರ ಬಾಯಲ್ಲಿರುವ ಲೆಕ್ಕ ಎಲ್ಲ ಫ್ಯಾರನ್‌ಹೀಟು. ಅದಕ್ಕೆ, ಅದನ್ನು ಇದಕ್ಕೆ ತಿರುಗಿಸುವ ಒಂದು ಸಾಲನ್ನು ನೀವೇ ಸೇರಿಸಿದಿರಿ. ನೂರ ಅರವತ್ತೈದು ದಾಟಿದರೆ ಸೈರನ್ ಕೂಗಬೇಕು. ಕುದಿಯುವ ನೀರಿನ ಪಾತ್ರೆಗೆ ವೈರು ಅದ್ದಿದಾಗ ಅದು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡಿತ್ತು. ಆ ವರ್ಷ ನೀವು ಮೊದಲ ಸಲ ಬ್ಯಾರನ್ನಿನ ಒಲೆ ಉರಿಯುತ್ತಿದ್ದಾಗ ಕಣ್ಣು ಮುಚ್ಚಿ ಮಲಗಿದಿರಿ.

ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಬೇಡದ ಸಾಲೊಂದನ್ನು ನಾನು ಅಳಿಸಲು ಹೋದಾಗ ನೀವು ನನ್ನ ಕೈ ಹಿಡಿದಿರಿ. “ಅಳಿಸ್ಬ್ಯಾಡ ಕಣೆ, ಮನಗಿಸು. ಯಾವತ್ತಾರ ಬೇಕಾಯ್ತದೆ” ಅಂದಿರಿ. ಸಾಲಿನ ಮುಂದೆ ಎರಡು ಓರೆಗೀಟು ಹಾಕಿದರೆ ಅದು ಅಲ್ಲೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಅದಕ್ಕೆ ನೀವಿಟ್ಟ ಹೆಸರು ಮನಗಿಸುವುದು. ನಿಮ್ಮ ಪ್ರೋಗ್ರಾಮಿನ ಅರ್ಧಕ್ಕರ್ಧ ಸಾಲುಗಳು ಹೀಗೆ ಮಲಗಿಕೊಂಡೇ ಇದ್ದವು. ಫೈಲುಗಳ ಕಥೆಯೂ ಅಷ್ಟೇ. ಏನು ಬದಲಾಯಿಸಿದರೂ ಹಳೆಯದನ್ನು ಹಾಗೇ ಬಿಟ್ಟು ಹೊಸ ಹೆಸರಲ್ಲಿ ಇನ್ನೊಂದು ಉಳಿಸುತ್ತಿದ್ದಿರಿ. ಬ್ಯಾರನ್ ಹೊಸದು, ಬ್ಯಾರನ್ ಹೊಸದು ಎರಡು, ಬ್ಯಾರನ್ ಸರಿಯಾದ್ದು, ಬ್ಯಾರನ್ ಕೊನೇದು, ಬ್ಯಾರನ್ ನಿಜವಾಗ್ಲೂ ಕೊನೇದು. ನಾನು ನಗುತ್ತಿದ್ದೆ. ಇವುಗಳಲ್ಲಿ ಸರಿಯಾದ್ದು ಯಾವುದು ಎಂದು ಕೇಳಿದರೆ ತಲೆ ಮುಟ್ಟಿಕೊಂಡು, ಅದು ನನಗೆ ಇಲ್ಲಿ ಗೊತ್ತು ಬಿಡು ಅನ್ನುತ್ತಿದ್ದಿರಿ. ಅಲ್ಲಿ ಗೊತ್ತಿದ್ದದ್ದು ಅಲ್ಲೇ ಹೊರಟುಹೋದರೆ ನಾವೇನು ಮಾಡಬೇಕು ಎಂದು ನಾನೂ ಕೇಳಲಿಲ್ಲ, ನೀವೂ...

ಮೇಲಿನ ಬೀದಿಯ ಗೌಡರೊಬ್ಬರು ಪೆಟ್ಟಿಗೆ ಬೇಕೆಂದು ನಮ್ಮ ಬಾಗಿಲಿಗೆ ಬಂದ ದಿನ ನಿಮ್ಮ ಮುಖ ನೋಡಬೇಕಿತ್ತು. ನಮ್ಮ ಕೇರಿಗೆ ಚುನಾವಣೆಯ ಹೊತ್ತು ಬಿಟ್ಟರೆ ಕಾಲಿಡದವರು. ಒಳಗೆ ಬಂದು, ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಕುರ್ಚಿಯಲ್ಲಿ ಕೂತು, ನಾನು ಕೊಟ್ಟ ಕಾಫಿ ಕುಡಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ರಾಮನಾಥಪುರದ ಕಡೆಯವರು, ಹೊಳೆಯಾಚೆಯವರು, ಹೊಳೆನರಸೀಪುರದ ನಿಮ್ಮ ಅಕ್ಕನ ಮನೆಯ ಕಡೆಯವರು. ನಮ್ಮದಕ್ಕೆ ನಂಬರು ತೋರಿಸುವ ಸಣ್ಣ ಕಿಟಕಿ ಇತ್ತು. ಅವರಿಗೆ ಮಾಡಿಕೊಟ್ಟವಕ್ಕೆ ಹಸಿರು ದೀಪ, ಸೈರನ್ ಎರಡೇ ಸಾಕೆಂದಿರಿ. ಕೊನೆಗೆ ಚನ್ನರಾಯಪಟ್ಟಣದಾಚೆ ನುಗ್ಗೇಹಳ್ಳಿಯಿಂದ ನಂಜುಂಡಪ್ಪ ಅನ್ನುವವರು ಬಂದರು. ಅವರದು ಕೊಬ್ಬರಿ ಒಣಗಿಸುವ ಮನೆ. ಸೊಪ್ಪಿಗೆ ಮಾಡಿದ್ದು ಕೊಬ್ಬರಿಗೂ ಆಗುತ್ತದೆಯೇ ಎಂದು ಅವರು ಕೇಳಿದಾಗ ನೀವು ಯೋಚನೆಯನ್ನೂ ಮಾಡಲಿಲ್ಲ. ಅದರಲ್ಲೇ ನಾಲ್ಕು ನಂಬರು ತಿರುಗಿಸಿದರೆ ಆಯಿತು ಅಂದಿರಿ.

ಸೊಪ್ಪಿನ ಹರಾಜು ನಡೆಯುವ ಕಟ್ಟೆಯ ಮೇಲೆ ನೀವು ಮೂಟೆಗೆ ಒರಗಿ ಕೂತವರು ಏಳಲಿಲ್ಲ ಎಂದು ಫೋನು ಬಂದಾಗ ನಾನು ಇದೇ ಜಗುಲಿಯ ಮೇಲೆ ರಾಗಿ ಕೇರುತ್ತಿದ್ದೆ. ಅದನ್ನು ಮತ್ತೆ ಬರೆಯಲಾರೆ. ಅದಕ್ಕೆ ಸ್ವಲ್ಪ ದಿನ ಮುಂಚೆ ನೀವು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಒಂದು ಫೈಲು ಹಾಕಿದ್ದಿರಿ. ಇದೇ ಕೊನೆಯದು, ಬೆಂಕಿ ಆರಿಸಿದ ಮೇಲೆ ಎಲ್ಲರೂ ಹಳೆಯದನ್ನು ತೆಗೆದು ಇದನ್ನೇ ಹಾಕಿಕೊಳ್ಳಿ ಎಂದು ಬರೆದಿದ್ದಿರಿ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದ್ದರು. ಆ ಗುಂಪಿನಲ್ಲಿ ನಿಮ್ಮ ಕೊನೆಯ ಮಾತು ಅದೇ.

ಈ ವರ್ಷ ಗಿಡದಿಂದ ಮೊದಲ ಸಲ ಮುರಿದ ಸೊಪ್ಪು ಶಿವಣ್ಣನ ಬ್ಯಾರನ್ನಿನಲ್ಲಿ ಬೇಯುತ್ತಿತ್ತು. ಎಲೆಯ ದಂಟು ಒಣಗಿಸುವ ಕೊನೆಯ ಹಂತ, ಶಾಖ ಎಲ್ಲಕ್ಕಿಂತ ಮೇಲಿರುವ ಹೊತ್ತು. ಮಧ್ಯಾಹ್ನ. ಶಿವಣ್ಣ ಬೇವಿನ ಮರದ ಕೆಳಗೆ ಅಡ್ಡಾಗಿದ್ದ. ಜಯಮ್ಮ ಒಲೆ ಮುಂದಿದ್ದವಳು ಆಳುಗಳಿಗೆ ಊಟ ತರಲು ಮನೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಹೆಂಚಿನ ಸಂದಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಅವಳು ಬಾಗಿಲು ತೆಗೆದು ಕೆಳಗಿನ ಸಾಲಿನ ಕಡ್ಡಿಗಳನ್ನು ಈಚೆಗೆ ಎಳೆಯಲು ನೋಡಿದಳು. ಬಾಗಿಲು ತೆಗೆದದ್ದೇ ತಡ, ಒಳಗಿನ ಉರಿ ಗಾಳಿ ಸಿಕ್ಕಿ ಮೇಲೆದ್ದಿತು. ನಾನು ಓಡಿ ಹೋಗಿ ನೋಡುವಾಗ ಅವಳು ಹೊಲದ ಕಾಲುವೆಯಲ್ಲಿ ಎರಡೂ ಕೈ ಅದ್ದಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಚಾವಣಿ ಒಳಕ್ಕೆ ಕುಸಿಯಿತು. ಆಚೆ ಗೋಡೆಯ ಮೇಲೆ ನಿಮ್ಮ ಪೆಟ್ಟಿಗೆ ಇತ್ತು. ಅದರ ಹಸಿರು ದೀಪ ಆಗಲೂ ಉರಿಯುತ್ತಿತ್ತು ರೀ.

ಊರೆಲ್ಲ ಶಿವಣ್ಣನನ್ನೇ ಬಯ್ದಿತು. ಸೌದೆ ಹೆಚ್ಚು ತುರುಕಿ ನಿದ್ದೆ ಹೋಗಿದ್ದಾನೆ, ಪೆಟ್ಟಿಗೆ ಕೂಗಿದ್ದೂ ಕೇಳಿಸಿಲ್ಲ, ಎಷ್ಟು ಕುಡಿದಿದ್ದನೋ ಎಂದರು. ಅವನು ಕೂಗಲಿಲ್ಲ ಎಂದು ಹೇಳಿ ಹೇಳಿ ಸುಮ್ಮನಾದ. ಕೊನೆಗೆ ಅವನಿಗೇ ಅನುಮಾನ ಬಂದಿತ್ತು, ಕೂಗಿತ್ತೇನೋ, ನಾನೇ ಎಚ್ಚರವಾಗಲಿಲ್ಲವೇನೋ ಎಂದು. ಹಾಸನದ ಆಸ್ಪತ್ರೆಗೆ ಜಯಮ್ಮನನ್ನು ನೋಡಲು ಹೋದಾಗ ಅವನು ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವಳ ಕೈಗಳು ಬಟ್ಟೆಯ ಉಂಡೆಗಳಂತೆ ಹೊದಿಕೆಯ ಮೇಲಿದ್ದವು. ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು: “ಪೆಟ್ಟಿಗೆ ಐತಲ್ಲ ಅಂತ ಒಲೆ ಮುಂದ್ಲಿಂದ ಎದ್ದೋದೆ ಕಣಕ್ಕ. ಅದಿಲ್ದಿದ್ರೆ ನಾನು ಕದಲ್ತಾನೇ ಇರ್ಲಿಲ್ಲ.” ಅವಳು ಯಾರನ್ನೂ ದೂರಲಿಲ್ಲ. ಸುಮ್ಮನೆ ಹೇಳಿದಳು, ಅಷ್ಟೇ. ಇಷ್ಟು ವರ್ಷ ನಿಮ್ಮ ಪೆಟ್ಟಿಗೆ ಜನರಿಗೆ ನಿದ್ದೆ ಕೊಟ್ಟಿತು ಎಂದು ಬೀಗುತ್ತಿದ್ದವಳು ನಾನು.

ಮಾರನೆಯ ಬೆಳಿಗ್ಗೆ ಶಿವಣ್ಣನ ಪೆಟ್ಟಿಗೆ ಇಸಿದುಕೊಂಡು ಬಂದೆ. ಅದರ ವೈರು ಸುಟ್ಟಿತ್ತು. ನಿಮ್ಮ ಡಬ್ಬಿಯಲ್ಲಿದ್ದ ಬೇರೆ ವೈರು ಸಿಕ್ಕಿಸಿ, ಒಲೆಯ ಮೇಲೆ ನೀರು ಕುದಿಸಿದೆ. ಮೊದಲು ನಮ್ಮ ಮನೆಯ ಹಳೆಯ ಪೆಟ್ಟಿಗೆಯ ವೈರು ಅದ್ದಿದೆ. ಅಕ್ಕಪಕ್ಕದವರು ಈಚೆ ಬರುವಂತೆ ಕೂಗಿತು. ಆಮೇಲೆ ಶಿವಣ್ಣನದು. ಹಸಿರು ದೀಪ ಉರಿಯಿತು. ನೀರು ಕೊತಕೊತ ಕುದಿಯಿತು. ನಾನು ಕಾದೆ. ವೈರು ಸರಿಯಾಗಿ ಕೂತಿಲ್ಲವೇನೋ ಎಂದು ತೆಗೆದು ಮತ್ತೆ ಸಿಕ್ಕಿಸಿದೆ. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಶಿವಣ್ಣ ಕುಡಿದಿರಲಿಲ್ಲ. ಅವನಿಗೆ ಕೇಳಿಸದೇ ಇದ್ದದ್ದೂ ಅಲ್ಲ, ಅದು ಕೂಗಿಯೇ ಇರಲಿಲ್ಲ.

ಪೆಟ್ಟಿಗೆಯೊಳಗೆ ಒಮ್ಮೆ ಹಾಕಿದ ಪ್ರೋಗ್ರಾಮನ್ನು ಮತ್ತೆ ಈಚೆ ತೆಗೆದು ಓದಲು ಬರುವುದಿಲ್ಲ ಎಂದು ನೀವೇ ಹೇಳಿದ್ದು ನೆನಪಾಯಿತು. ಹಾಗಾಗಿ ಲ್ಯಾಪ್‌ಟಾಪು ತೆಗೆದೆ. ಮನೆಯಲ್ಲಿ ಉಳಿದಿದ್ದ ಒಂದು ಬೋರ್ಡಿಗೆ ನಿಮ್ಮ ಫೈಲುಗಳನ್ನು ಒಂದೊಂದಾಗಿ ಹಾಕುವುದು, ಬಿಸಿನೀರಿಗೆ ಅದ್ದುವುದು. ಹೊಸದು ಕೂಗಿತು. ಸರಿಯಾದ್ದು ಕೂಗಿತು. ಕೊನೇದು ಕೂಗಿತು. ನಿಜವಾಗ್ಲೂ ಕೊನೇದು ಕೂಗಲಿಲ್ಲ. ನೀವು ಗುಂಪಿಗೆ ಕಳಿಸಿದ್ದು ಅದನ್ನೇ, ಶಿವಣ್ಣ ಹಾಕಿಸಿಕೊಂಡದ್ದೂ ಅದನ್ನೇ. ಅದರ ಪಕ್ಕದಲ್ಲಿ ಕೊಬ್ಬರಿಯ ಫೈಲನ್ನು ತೆರೆದು ಸಾಲು ಸಾಲಾಗಿ ಎರಡನ್ನೂ ನೋಡುತ್ತಾ ಹೋದೆ. ಕೊಬ್ಬರಿಯವರ ಲೆಕ್ಕ ಸೆಲ್ಸಿಯಸ್ಸು. ಅವರಿಗಾಗಿ ನೀವು ಫ್ಯಾರನ್‌ಹೀಟಿಗೆ ತಿರುಗಿಸುವ ಸಾಲನ್ನು ಮಲಗಿಸಿದ್ದಿರಿ. ಅರವತ್ತೈದಕ್ಕೆ ಕೂಗಲಿ ಎಂದು ಬರೆದಿದ್ದಿರಿ. ಅದರಲ್ಲಿ ಸೈರನ್ನಿನ ಭಾಗವನ್ನು ಚೆನ್ನಾಗಿ ತಿದ್ದಿದ್ದಿರಿ, ಅದಕ್ಕೇ ಸೊಪ್ಪಿಗೂ ಅದನ್ನೇ ಬಳಸಿಕೊಂಡಿರಿ. ಅರವತ್ತೈದರ ಮುಂದೆ ಒಂದು ಅನ್ನುವ ಅಂಕಿ ಸೇರಿಸಿದಿರಿ. ನೂರ ಅರವತ್ತೈದಾಯಿತು. ಆದರೆ ಮಲಗಿಸಿದ ಸಾಲನ್ನು ಎಬ್ಬಿಸಲಿಲ್ಲ. ಸೆಲ್ಸಿಯಸ್ಸಿನಲ್ಲಿ ನೂರ ಅರವತ್ತೈದು ಆಗಬೇಕಾದರೆ ಬ್ಯಾರನ್ನೇ ಉರಿಯಬೇಕು. ಉರಿಯುವವರೆಗೂ ಅದು ಕೂಗುವುದಿಲ್ಲ. ಉರಿದಾಗ ಮೊದಲು ಸುಡುವುದು ಆ ವೈರೇ. ಯಾವ ಪೆಟ್ಟಿಗೆಯನ್ನೂ ನೀರಿಗೆ ಅದ್ದಿ ನೋಡದೆ ಕೊಟ್ಟವರಲ್ಲ ನೀವು. ಇದೊಂದನ್ನು ಮಾತ್ರ ಯಾಕೆ ನೋಡಲಿಲ್ಲ? ಆ ವಾರ ಎದೆ ಹಿಡಿದ ಹಾಗೆ ಆಗುತ್ತಿದೆ ಎಂದು ಒಂದೆರಡು ಸಲ ಅಂದಿದ್ದಿರಿ. ನಾನು ಗ್ಯಾಸು ಇರಬೇಕು ಎಂದು ಜೀರಿಗೆ ನೀರು ಕೊಟ್ಟಿದ್ದೆ...

ಭಾವನಿಗೆ ಇದನ್ನೆಲ್ಲ ತೋರಿಸಿದೆ. ತಮ್ಮನನ್ನು ಕಳೆದುಕೊಂಡ ಮೇಲೆ ಅವರು ಇಳಿದುಹೋಗಿದ್ದಾರೆ, ನಿಮಗೆ ಗುರುತೇ ಸಿಗಲಿಕ್ಕಿಲ್ಲ. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು: “ಸತ್ತೋನ ಎಸ್ರ ಬೀದಿಗೆ ತರ್ಬ್ಯಾಡ ಕಣಮ್ಮ. ಆ ಪೆಟ್ಟಿಗೆಯಿಂದ ನಮ್ ಕೇರಿಗೊಂದು ಮರ್ಯಾದೆ ಬಂದೈತೆ. ನಾಳೆ ಏನಂತಾರೆ ಗೊತ್ತಾ? ಇವ್ರಿಗೆ ಯಾಕ್ ಬೇಕಿತ್ತು ಇದು ಅಂತಾರೆ.” ಅವರು ಹೇಳಿದ್ದು ಸುಳ್ಳಲ್ಲ. ಹಾಗೆ ಅನ್ನುವವರು ಇದ್ದೇ ಇದ್ದಾರೆ. ಆದರೆ ಶಿವಣ್ಣ ಗೋಡೆಗೆ ಮುಖ ಮಾಡಿ ನಿಂತದ್ದು ನನ್ನ ಕಣ್ಣಿನಿಂದ ಹೋಗುತ್ತಿರಲಿಲ್ಲ. ಇನ್ನೊಂದು ಬ್ಯಾರನ್ನು ಹತ್ತಿಕೊಂಡು ಅದರೊಳಗೆ ಒಂದು ಜೀವ ಹೋದರೆ ಆ ಮರ್ಯಾದೆಯನ್ನು ಎಲ್ಲಿ ಇಟ್ಟುಕೊಳ್ಳೋಣ ಭಾವ ಎಂದು ಕೇಳಿದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೋದರು. ಬೇಡ ಎಂದು ಮತ್ತೆ ಹೇಳಲಿಲ್ಲ.

ಆ ದಿನವೇ ಗುಂಪಿಗೆ ಮಾತಾಡಿ ಕಳಿಸಿದೆ. ನಮ್ಮನೆಯವರು ಕೊನೆಯಲ್ಲಿ ಕಳಿಸಿದ ಪ್ರೋಗ್ರಾಮಿನಲ್ಲಿ ತಪ್ಪಿದೆ, ಅದು ಕೂಗುವುದಿಲ್ಲ, ಶಿವಣ್ಣನ ತಪ್ಪಿಲ್ಲ, ದಯವಿಟ್ಟು ಬಿಸಿನೀರಿಗೆ ಅದ್ದಿ ನೋಡಿ ಎಂದೆ. ಸರಿಯಾದ ಫೈಲನ್ನೂ ಹಾಕಿದೆ. ತಪ್ಪಿದ್ದನ್ನು ನಮ್ಮ ಲ್ಯಾಪ್‌ಟಾಪಿನಿಂದ ಅಳಿಸಿದೆ, ಮಲಗಿಸಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ನುಗ್ಗೇಹಳ್ಳಿಯ ನಂಜುಂಡಪ್ಪನವರು ಫೋನು ಮಾಡಿದಾಗ ಗೊತ್ತಾಯಿತು, ಅದು ಅಲ್ಲಿಗೆ ಮುಗಿಯುವ ವಿಷಯವಲ್ಲ ಎಂದು. ಅವರ ಕೊಬ್ಬರಿ ಮನೆಯ ಪೆಟ್ಟಿಗೆ ಸರಿಯಾಗೇ ಇದೆ. ಆದರೆ ನೀವು ಕಳಿಸಿದ್ದ ಕೊಬ್ಬರಿಯ ಫೈಲನ್ನು ಅವರು ಹಳ್ಳಿಮೈಸೂರಿನ ಬೀಗರಿಗೆ ಕಳಿಸಿದ್ದರಂತೆ. ಆ ಬೀಗರದು ಸೊಪ್ಪು. ಅವರೂ ನಿಮ್ಮ ಹಾಗೆಯೇ ನಂಬರೊಂದನ್ನೇ ತಿದ್ದಿ, ಬೇಕಾದವರಿಗೆಲ್ಲ ಕಳಿಸಿದ್ದಾರೆ. ನಿಮ್ಮ ಫೈಲೂ ಹಾಗೆಯೇ ಗುಂಪಿನಿಂದ ಗುಂಪಿಗೆ ಹೋಗಿದೆ. ಅರಕಲಗೂಡಿನ ಮೊಬೈಲ್ ಅಂಗಡಿಯೊಂದರಲ್ಲಿ ಯಾರು ಕೇಳಿದರೂ ಹಾಕಿಕೊಡುತ್ತಾರಂತೆ. ನಾನು ಹೋಗಿ ವಿಚಾರಿಸಿದೆ. ಅವರ ಹತ್ತಿರ ಬ್ಯಾರನ್ ಅನ್ನುವ ಹೆಸರಲ್ಲೇ ಹಲವು ಫೈಲುಗಳಿದ್ದವು, ಕೆಲವು ನಾನು ಎಂದೂ ಕಾಣದವು. ಯಾರಿಗೆ ಯಾವುದು ಹಾಕಿದಿರಿ ಎಂದರೆ ಅವರಿಗೂ ಗೊತ್ತಿಲ್ಲ. ಮೇಲಿರುವುದನ್ನು ಹಾಕುತ್ತೇವಮ್ಮ, ಮೇಲಿರುವುದೇ ಹೊಸದಲ್ಲವೇ ಅಂದರು. ಇನ್ನು ಕೆಲವರು ನನ್ನ ಮಾತು ಅರ್ಧ ಕೇಳಿ, ಚೆನ್ನಾಗಿದ್ದ ಪೆಟ್ಟಿಗೆಗಳನ್ನೂ ಕಿತ್ತು ಎಸೆದಿದ್ದಾರೆ. ಬೇಡವಾದದ್ದು ಉಳಿದುಕೊಂಡಿದೆ, ಬೇಕಾದದ್ದು ಹೋಗಿದೆ. ನನಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ತರಹ: ನಮ್ಮದು ಚೆನ್ನಾಗಿದೆ, ಹಸಿರು ದೀಪ ಉರಿಯುತ್ತಿದೆ. ಆ ದೀಪ ಕರೆಂಟು ಇದೆ ಅನ್ನುವುದನ್ನು ಮಾತ್ರ ಹೇಳುತ್ತದೆ ಎಂದು ಎಷ್ಟು ಜನಕ್ಕೆ ಹೇಳಲಿ?

ಜಯಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಹೋಗಿ ಅವಳ ಎದುರು ಕೂತು ಎಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿ ಅಂತಲೂ ಇತ್ತು. ಅವಳು ಶಿವಣ್ಣನ ಕಡೆ ತಿರುಗಿ, ಕೇಳಿಸಿಕೊಂಡಿರಾ ಅಂದಳು. ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಎರಡು ದಿನ ಬಿಟ್ಟು ಜಯಮ್ಮ ನಮ್ಮ ಬಾಗಿಲಿಗೆ ಬಂದಳು. ಫೋನಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ನನ್ನ ಕೈ ನೋಡಿದರೆ ಕೇಳುತ್ತಾರೆ, ನಾನೂ ಬರುತ್ತೇನೆ ಅಂದಳು. ಅವಳ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಕುದಿಯುವ ನೀರು ತುಂಬಿದ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತಾಳೆ. ಹೀಗೆ ಊರೂರು ತಿರುಗುತ್ತಿದ್ದೇವೆ. ಕೆಲವು ಕೂಗುತ್ತವೆ. ಕೆಲವು ಕೂಗುವುದಿಲ್ಲ. ಕೂಗದಿರುವುದಕ್ಕೆ ಅಲ್ಲೇ ಕೂತು ಹೊಸದಾಗಿ ಹಾಕಿಕೊಡುತ್ತೇನೆ.

ನಿನ್ನೆ ಹೊಳೆಯಾಚೆಯ ಒಂದು ಮನೆಗೆ ಎರಡನೇ ಸಲ ಹೋಗಿದ್ದೆವು. ಹಿಂದಿನ ಸಲ ಆ ಮನೆಯ ಯಜಮಾನ ನಮ್ಮನ್ನು ಒಳಗೇ ಬಿಟ್ಟಿರಲಿಲ್ಲ. ನಿಮ್ಮ ಪೆಟ್ಟಿಗೆಯ ಸಹವಾಸವೇ ಬೇಡ, ನಮ್ಮದು ಪೇಟೆಯಲ್ಲಿ ಹಾಕಿಸಿದ್ದು ಅಂದಿದ್ದ. ನಿನ್ನೆ ಅವನಿರಲಿಲ್ಲ. ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಗೋಡೆಗೆ ಆನಿಸಿ ಕಟ್ಟಿದ ಚಪ್ಪರದಲ್ಲಿ ಅವನ ತಾಯಿ ಒಬ್ಬರೇ ಸೊಪ್ಪು ಕಟ್ಟುತ್ತಾ ಕೂತಿದ್ದರು. ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಮೊಮ್ಮಗು ಮಲಗಿತ್ತು. ಅಜ್ಜಿ ಜಯಮ್ಮನ ಕೈಯನ್ನೇ ನೋಡಿದರು. ಆಮೇಲೆ ಪೆಟ್ಟಿಗೆಯ ಕಡೆ ತಲೆ ಅಲ್ಲಾಡಿಸಿದರು, ನೋಡಿಕೊಳ್ಳಿ ಅನ್ನುವ ಹಾಗೆ. ನಾನು ಒಳಗಿನ ವೈರನ್ನು ಬಿಚ್ಚಿ, ನಮ್ಮದನ್ನು ಸಿಕ್ಕಿಸಿ, ಫ್ಲಾಸ್ಕಿನೊಳಕ್ಕೆ ಬಿಟ್ಟೆ. ಹಬೆ ಏಳುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು. ಮೂವರೂ ಕಿವಿಗೊಟ್ಟು ನಿಂತೆವು. ಒಲೆಯೊಳಗೆ ಸೌದೆ ಸಿಡಿಯುವುದು ಕೇಳುತ್ತಿತ್ತು, ಮಗುವಿನ ಉಸಿರು ಕೇಳುತ್ತಿತ್ತು.

“ಮಗೀನ ಈಚೆಗೆ ತತ್ತೀನಿ, ತಡೀರವ್ವ” ಅಂದರು ಅಜ್ಜಿ. ಜೋಲಿಯಿಂದ ಮಗುವನ್ನು ಎತ್ತಿ, ಅಂಗಳ ದಾಟಿ, ದೂರದ ಹುಣಸೆಮರದ ಕೆಳಗೆ ಹಳೆ ಬಟ್ಟೆ ಹಾಸಿ ಮಲಗಿಸಿದರು. ತಿರುಗಿ ಬಂದು ನಾನು ಲ್ಯಾಪ್‌ಟಾಪಿನಿಂದ ಹೊಸದು ಹಾಕುವುದನ್ನು ನಿಂತು ನೋಡಿದರು. ಅದು ಕೂಗಿದಾಗ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ಜಯಮ್ಮ ನನ್ನ ಕಡೆ ನೋಡಿದಳು. ನಮ್ಮನೆಯವರು ಅಂದೆ. ಅಜ್ಜಿ ಹೊಳೆಯ ಕಡೆ ಕಣ್ಣು ಹಾಯಿಸಿದರು. ದಡದುದ್ದಕ್ಕೂ, ಕಣ್ಣು ಹೋಗುವಷ್ಟು ದೂರ, ಬ್ಯಾರನ್ನುಗಳಿಂದ ಹೊಗೆ ಏಳುತ್ತಿತ್ತು.

“ಇಂಥವು ಇನ್ನೂ ಎಷ್ಟು ಕಡೆ ಅವೆ?” ಅಂದರು.

ನಾಳೆ ಹಳ್ಳಿಮೈಸೂರಿನ ಕಡೆ ಹೊರಡುತ್ತೇವೆ. ಬೇಯಿಸುವುದು ಮುಗಿಯುವವರೆಗೂ ತಿರುಗುತ್ತೇವೆ, ಮುಂದಿನ ವರ್ಷವೂ ತಿರುಗುತ್ತೇವೆ. ನಿಮಗೆ ಮಾತು ಕೊಡುತ್ತೇನೆ. ಆದರೆ ಆ ಅಜ್ಜಿ ಕೇಳಿದ್ದನ್ನು ನಿಮ್ಮನ್ನೇ ಕೇಳುತ್ತೇನೆ ರೀ. ನಿಮಗಾದರೂ ಗೊತ್ತಿತ್ತೇ?

ನಿಮ್ಮ,
ರತ್ನ